ಕಣಕಿಯ ದಂಡೋತಿ

ನನ್ನ ಸೋದರತ್ತೆ ಅನಸೂಯಾಬಾಯಿಯನ್ನು ಈಗ ದಂಡೋತಿಯಲ್ಲಿ ದೇವತೆ ಮಾಡಿ ಕೂರಿಸಿದ್ದಾರೆ. ಮಕ್ಕಳೆಂದರೆ ಅವಳಿಗೆ ಪ್ರಾಣವಂತೆ, ಗಟ್ಟಿಯಾಗಿ ಒಂದು ಮಾತು ಆಡಿದವಳಲ್ಲವಂತೆ. ಇದನ್ನು ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತದೆ. ಅವಳ ಕೈಯ ಕಟ್ಟಿಗೆಗೆ ಹೆದರಿ ಓಡಿದವಳು ನಾನು, ನನಗೆ ಗೊತ್ತಿಲ್ಲವೇ? ನಾವು ಅತ್ಯಾ ಎಂದೂ ಊರವರು ಅವ್ವಾರ ಎಂದೂ ಕರೆಯುತ್ತಿದ್ದ ಆ ಹೆಂಗಸು ಮಕ್ಕಳ ಸದ್ದು ಕೇಳಿದರೆ ಸಾಕು, ಉರಿದುಬೀಳುತ್ತಿದ್ದಳು. ನಮ್ಮ ಹಿತ್ತಲಿನ ಬಾರಿಹಣ್ಣಿನ ಗಿಡದ ಹತ್ತಿರ ಹೋದವರಿಗೆ ಅವಳು ಕೊಟ್ಟ ಬೈಗಳನ್ನು ನಾನು ಇಲ್ಲಿ ಬರೆಯುವ ಹಾಗಿಲ್ಲ. ಅವಳು ಮಾಡಿದ್ದು ದೊಡ್ಡ ಕೆಲಸ. ಅದನ್ನು ಮಾಡಿದವಳು ಮಹಾ ಸಿಡುಕಿ ಎಂಬುದನ್ನು ಬಿಟ್ಟು ಹೇಳಿದರೆ ಆ ಕೆಲಸದ ಅರ್ಧ ರುಚಿಯೇ ಹೋಗುತ್ತದೆ.

ಅವಳನ್ನು ಸೇಡಮಿಗೆ ಕೊಟ್ಟಿದ್ದರು. ಸಂಸಾರ ಎಂದರೇನೆಂದು ತಿಳಿಯುವ ಮೊದಲೇ ಗಂಡ ವಾಂತಿಭೇದಿಯಲ್ಲಿ ಹೋದ. ತಲೆ ಬೋಳಿಸಿ, ಕೆಂಪು ಸೀರೆ ಉಡಿಸಿ, ದಂಡೋತಿಗೆ ತವರುಮನೆಗೆ ತಂದುಬಿಟ್ಟರು. ಅವಳ ತಮ್ಮನೇ ನನ್ನ ಅಪ್ಪ, ಊರ ಕುಲಕರ್ಣಿ ಹಣಮಂತರಾಯ. ಅಂದಿನಿಂದ ಮನೆಯ ಅಡಿಗೆ, ದೇವರ ಪೂಜೆಯ ತಯಾರಿ ಎಲ್ಲ ಅವಳದೇ. ಬೆಳಿಗ್ಗೆ ಮಿಂದು ಮಡಿ ಉಟ್ಟರೆ ಸಂಜೆಯವರೆಗೂ ಅವಳನ್ನು ಯಾರೂ ಮುಟ್ಟುವಂತಿಲ್ಲ. ಮುಟ್ಟಿದರೆ ಮತ್ತೆ ತಣ್ಣೀರಿನ ಸ್ನಾನ. ಅವಳಿಗೆ ಅಂತ ಇದ್ದ ಆಸ್ತಿ ಆ ಮಡಿಯೊಂದೇ. ಅದನ್ನು ಅವಳು ಕಾಯುತ್ತಿದ್ದ ರೀತಿ ನೋಡಿದರೆ ಸರಕಾರದ ಖಜಾನೆ ಕಾಯುವವರು ನಾಚಬೇಕು.

ನನಗೆ ಒಂಬತ್ತು ವರ್ಷವಾಗಿದ್ದಾಗ, ನಿಜಾಮರ ಕಾಲ ಅದು, ದೀಪಾವಳಿ ಮುಗಿದ ಸ್ವಲ್ಪ ದಿನಕ್ಕೆ ನಮ್ಮೂರಲ್ಲಿ ಇಲಿ ಬಿದ್ದವು. ಮಾಳಿಗೆಯಿಂದ ಸತ್ತ ಇಲಿ ಬಿತ್ತೆಂದರೆ ಪ್ಲೇಗು ಬಂತೆಂದೇ ಲೆಕ್ಕ. ಆಗ ಊರು ಬಿಡಬೇಕು. ಹಿರಿಯರಿಗೆ ಇದು ಗೊತ್ತಿದ್ದದ್ದೇ. ಯಾರೂ ಕಿರುಚಲಿಲ್ಲ, ಅಳಲಿಲ್ಲ. ಕಾಳು, ಪಾತ್ರೆ, ಹಾಸಿಗೆ ಬಂಡಿಗೆ ಹೇರಿ, ದನ ಹೊಡೆದುಕೊಂಡು, ಕಾಗಿಣಾ ಹೊಳೆ ದಾಟಿ ಆಚೆ ದಂಡೆಯ ಎತ್ತರದ ಹೊಲಗಳಿಗೆ ಹೋದರು. ತೊಗರಿ ಕಟ್ಟಿಗೆ ನೆಟ್ಟು, ಸುತ್ತ ಜೋಳದ ಕಣಕಿ ಕಟ್ಟಿ ಗುಡಿಸಲು ಎಬ್ಬಿಸಿದರು. ಕಣಕಿ ಎಂದರೆ ತೆನೆ ಕೊಯ್ದ ಮೇಲೆ ಉಳಿಯುವ ಒಣ ದಂಟು. ನಮ್ಮ ಕಡೆ ದನಕ್ಕೆ ಅದೇ ಮೇವು, ಆ ಚಳಿಗಾಲಕ್ಕೆ ಮನುಷ್ಯರಿಗೆ ಅದೇ ಗೋಡೆ. ತಾಲೂಕಿನಿಂದ ಡಾಕ್ಟರ ಸಾಹೇಬರು ಬಂದು ಸೂಜಿ ಚುಚ್ಚಿದರು. ತಾವು ಹೇಳುವವರೆಗೆ ಒಂದು ನರಪಿಳ್ಳೆಯೂ ಊರೊಳಗೆ ಕಾಲಿಡಕೂಡದು ಎಂದು ಹೇಳಿ ಹೋದರು.

ಹಿರಿಯರೇನೋ ಇಡಲಿಲ್ಲ. ಮಕ್ಕಳಿಗೆ ಯಾರು ಬಿಡಿಸಿ ಹೇಳಿದ್ದರು? ಮೊದಲೆರಡು ದಿನ ಬಯಲಲ್ಲಿ ಮಲಗುವುದು ಮಜಾ ಅನಿಸಿತು. ಆಮೇಲೆ ಬೇಸರ ಹತ್ತಿತು. ನಮ್ಮ ಬೆಕ್ಕು, ಜೋಕಾಲಿ, ಗೋಲಿ, ಎಲ್ಲ ಹೊಳೆಯಾಚೆ. ಇಲ್ಲಿ ನಿಂತರೆ ನಮ್ಮ ನಮ್ಮ ಮನೆಯ ಮಾಳಿಗೆ ಕಣ್ಣಿಗೆ ಕಾಣುತ್ತದೆ. ಹೊಳೆಯಲ್ಲಿ ದಂಡೆಗೆ ಮೊಣಕಾಲುದ್ದ, ನಡುವೆ ನಮ್ಮ ಸೊಂಟದುದ್ದ ನೀರು. ಹಿರಿಯರೆಲ್ಲ ಬೆಳಗಾದರೆ ಹೊಲದಲ್ಲಿ, ಯಾಕೆಂದರೆ ಪ್ಲೇಗು ಬಂದಿದೆಯೆಂದು ಬೆಳೆ ಕಾಯುವುದಿಲ್ಲ.

ನಮ್ಮೂರ ಚಂದಮ್ಮ ಎಂಬವಳಿಗೆ ಇದ್ದವಳು ಒಬ್ಬಳೇ ಮಗಳು, ಅಂಬವ್ವ. ನನಗಿಂತ ಎರಡು ವರ್ಷ ಚಿಕ್ಕವಳು. ಒಂದು ಮಧ್ಯಾಹ್ನ ತಾಯಿ ಹೊಲದಲ್ಲಿದ್ದಾಗ ಅವಳು ಹೊಳೆ ದಾಟಿ ಮನೆಗೆ ಹೋಗಿ, ಗೋಡೆಯ ಗೂಡಿನಲ್ಲಿಟ್ಟಿದ್ದ ಬಟ್ಟೆಯ ಗೊಂಬೆ ತಂದಳು. ನಮಗೆಲ್ಲ ತೋರಿಸಿ ಹೆಮ್ಮೆಪಟ್ಟಳು. ನಮಗೂ ಹೊಟ್ಟೆಕಿಚ್ಚಾಯಿತು. ಆ ವಾರ ಮುಗಿಯುವುದರೊಳಗೆ ಜ್ವರ ಬಂದು, ಕಂಕುಳಲ್ಲಿ ಗಂಟೆದ್ದು, ಅಂಬವ್ವ ಸತ್ತುಹೋದಳು. ಅಂದಿನಿಂದ ಚಂದಮ್ಮ ಹೊಲಕ್ಕೆ ಹೋಗಲಿಲ್ಲ. ಹೊಳೆ ದಾಟುವ ಜಾಗದಲ್ಲಿ ಒಂದು ಬಂಡೆಯ ಮೇಲೆ ಊರಿನ ಕಡೆ ಮುಖಮಾಡಿ ಕೂತಿರುತ್ತಿದ್ದಳು. ಮಾತಾಡಿಸಿದರೆ ಮಾತಿಲ್ಲ.

ಇಷ್ಟಾದ ಮೇಲೂ ನಮ್ಮಂಥವರಿಗೆ ಬುದ್ಧಿ ಬರಲಿಲ್ಲ. ಮಕ್ಕಳಿಗೆ ಸಾವೆಂದರೆ ಅದು ಬೇರೆ ಯಾರಿಗೋ ಬರುವಂಥದು. ಅಪ್ಪ ಹಿರಿಯರನ್ನು ಕೂಡಿಸಿ, ಹೊಳೆಯ ಹತ್ತಿರ ಒಬ್ಬರು ಕಾವಲಿರಬೇಕು ಎಂದ. ಯಾರು ಇರಬೇಕು? ಎಲ್ಲರಿಗೂ ಹೊಲದ ಕೆಲಸ. ಕೊನೆಗೆ ಎಲ್ಲರ ಕಣ್ಣು ಅತ್ಯಾನ ಗುಡಿಸಲಿನ ಕಡೆ ತಿರುಗಿತು. ಮಡಿನೀರಿಗೆ ಅನುಕೂಲ ಎಂದು ಅವಳು ಎಲ್ಲರಿಂದ ದೂರ, ಹೊಳೆದಂಡೆಯಲ್ಲೇ ಗುಡಿಸಲು ಹಾಕಿಸಿಕೊಂಡಿದ್ದಳು.

"ಅಕ್ಕಾ, ನೀ ಹೆಂಗೂ ಇಲ್ಲೇ ಇರ್ತೀ. ನಿನ್ನ ದನಿ ಕೇಳಿದ್ರ ಹುಡುಗ್ರು ಹೊಳಿ ಕಡೆ ಹಣಿಕಿನೂ ಹಾಕೂದಿಲ್ಲ" ಎಂದ ಅಪ್ಪ.

"ಊರಾಗಿನ ಮಂಗ್ಯಾಗೋಳನ್ನೆಲ್ಲ ನನ್ನ ಕೊಳ್ಳಿಗೆ ಕಟ್ಟಲಿಕ್ಕತ್ತೀ ಏನೋ ಹಣಮಂತ? ನಾ ಏನು ಪಾಪ ಮಾಡೀನಿ?" ಎಂದು ಅತ್ಯಾ ರೇಗಿದಳು. ಇನ್ನೂ ಬಹಳ ಅಂದಳು. ಆದರೆ ಎಲ್ಲರೂ ಎದ್ದುಹೋದ ಮೇಲೆ ಅವಳು ಬಂಡೆಯ ತನಕ ನಡೆದು, ಚಂದಮ್ಮನಿಂದ ಮಾರು ದೂರದಲ್ಲಿ ನಿಂತದ್ದನ್ನು ನಾನು ನೋಡಿದೆ.

"ಚಂದಮ್ಮಾ, ಇಲ್ಲಿ ಕೇಳು. ಇನ್ನೊಂದು ಕೂಸು ಈ ಹೊಳಿ ದಾಟೂದಿಲ್ಲ. ಈಗ ಇದ್ದವೆಲ್ಲಾ ಜೀವಂತ ಊರಿಗೆ ಹೊಳ್ಳಿ ಹೋಗತಾವ. ಇದು ನನ್ನ ಮಾತು."

ಮಾತು ಕೊಡುವುದು ಸುಲಭ. ಮರುದಿನ ಬೆಳಿಗ್ಗೆಯೇ ಅದು ಎಷ್ಟು ಕಷ್ಟವೆಂದು ಅತ್ಯಾನಿಗೆ ತಿಳಿಯಿತು. ಕಟ್ಟಿಗೆ ಹಿಡಿದು ದಾರಿಗಡ್ಡ ನಿಂತಿದ್ದಳು. ನನ್ನ ಅಣ್ಣ ಗೋಪಾಲ ದೊಡ್ಡ ಕಿಲಾಡಿ. ಅವನು ಎರಡೂ ಕೈ ಮುಂದೆ ಚಾಚಿ, "ಮುಟ್ಟತೀನಿ ನೋಡು ಅತ್ಯಾ!" ಎನ್ನುತ್ತ ಅವಳ ಕಡೆಗೇ ನಡೆದ. ಅತ್ಯಾ ಹೌಹಾರಿ ಹಿಂದೆ ಸರಿದಳು. ಅಷ್ಟು ಸಾಕಾಯಿತು. ಅವಳ ಬೀಗದ ಕೈ ನಮ್ಮೆಲ್ಲರಿಗೂ ಸಿಕ್ಕಿಬಿಟ್ಟಿತು. ಹಿಡಿಯಲು ಬಂದರೆ ಮುಟ್ಟಬೇಕು, ಮುಟ್ಟಿದರೆ ಸ್ನಾನ. ಆ ದಿನವಿಡೀ ಒಬ್ಬರಲ್ಲ ಒಬ್ಬರು ಕೈ ಚಾಚಿಕೊಂಡು ನೀರಿಗಿಳಿಯುವುದು, ಅವಳು ಕಿರುಚುವುದು, ಹತ್ತಿರದ ಹೊಲದವರು ಓಡಿಬಂದು ನಮ್ಮ ಕಿವಿ ಹಿಂಡಿ ಎಳೆತರುವುದು. ಗದ್ದಲದಲ್ಲಿ ಎಷ್ಟೋ ಸಲ ನಮ್ಮ ಕೈ ಅವಳಿಗೆ ತಗುಲಿತು. ಆ ಚಳಿಯಲ್ಲಿ ಅವಳು ಮಿಂದದ್ದೇ ಮಿಂದದ್ದು. ಸಂಜೆಗೆ ತುಟಿ ನೀಲಿಗಟ್ಟಿ, ಗಂಟಲು ಕಟ್ಟಿ, ಬೈಯಲೂ ದನಿ ಇರಲಿಲ್ಲ. ನಾವು ಗೆದ್ದೆವೆಂದೇ ತಿಳಿದುಕೊಂಡೆವು.

ಅದರ ಮರುದಿನ ಬೆಳಿಗ್ಗೆ ನಾವು ಹೋದಾಗ ಅತ್ಯಾ ನಮ್ಮ ಕಡೆ ನೋಡಲೇ ಇಲ್ಲ. ಗುಡಿಸಲಿನ ಮುಂದೆ ಕೂತು ಏನೋ ಮಾಡುತ್ತಿದ್ದಳು. ದೇವರ ದೀಪದ ಬತ್ತಿಗೆ ನೂಲು ತೆಗೆಯುವ ಅವಳ ತಕಲಿ ಊರಲ್ಲೇ ಉಳಿದಿತ್ತು. ಅದಕ್ಕೆ ಗೋಡೆಯಿಂದ ಒಂದು ಕಣಕಿ ಎಳೆದುಕೊಂಡಿದ್ದಳು. ಹೊರಗಿನ ಸಿಪ್ಪೆಯನ್ನು ಉದ್ದುದ್ದ ಸೀಳಿ ತೆಗೆದಳು. ಒಳಗಿನಿಂದ ಬಿಳಿ ಬೆಂಡು ಬಂತು, ಹತ್ತಿಯಷ್ಟು ಹಗುರ. ಹೊಳೆಯ ಚಪ್ಪಡಿಯ ಚೂರಿನ ಅಂಚಿನಿಂದ ಬೆಂಡನ್ನು ಬಿಲ್ಲೆ ಬಿಲ್ಲೆಯಾಗಿ ಕುಯ್ದು, ಒಂದು ಬಿಲ್ಲೆಯ ನಡುವೆ ತೊಗರಿ ಕಡ್ಡಿ ಚುಚ್ಚಿ, ಎರಡು ಬೆರಳಲ್ಲಿ ಹಿಡಿದು ತಿರುವಿದಳು. ಅದು ಗರಗರ ತಿರುಗಿತು. ತಕಲಿಗೆ ಬೇಕಾದ ಭಾರ ಅದಕ್ಕಿರಲಿಲ್ಲ, ನೂಲು ಹರಿಯಿತು. ಅವಳು ಬೈದು ಅದನ್ನು ಬಿಸಾಡಿದಳು. ಬಿದ್ದ ಮೇಲೂ ಅದು ಚಪ್ಪಡಿಯ ಮೇಲೆ ತಿರುಗುತ್ತಲೇ ಇತ್ತು.

ನೀರಿಗಿಳಿಯಲು ಬಂದವರೆಲ್ಲ ಅಲ್ಲೇ ನಿಂತೆವು.

"ಅತ್ಯಾ, ನನಗೊಂದು ಮಾಡಿಕೊಡು" ಎಂದೆ.

"ನಾ ಯಾಕ ಮಾಡಲಿ? ನಿನಗೇನು ಕೈ ಇಲ್ಲೇನು?" ಎಂದಳು. ಆದರೂ ಒಂದು ಕಣಕಿ ಎಳೆದು ನೆಲದ ಮೇಲಿಟ್ಟು, ಹಿಂದೆ ಸರಿದು ಕೂತಳು. "ತಗೋ. ಸೀಳು. ಉಗುರ ಹಚ್ಚು, ಹಲ್ಲ ಹಚ್ಚಬ್ಯಾಡ, ತುಟಿ ಕೊಯ್ಯತದ."

ಅವಳು ಮಕ್ಕಳನ್ನು ಗೆದ್ದ ಗುಟ್ಟು ಇದರಲ್ಲೇ ಇದೆ ಎಂದು ನನಗೆ ಈಗ ಅನಿಸುತ್ತದೆ. ಬೇರೆ ಯಾವ ಹೆಂಗಸಾಗಿದ್ದರೂ ನಮ್ಮ ಕೈಯಿಂದ ಕಸಿದುಕೊಂಡು ತಾನೇ ಮಾಡಿ ಕೊಟ್ಟುಬಿಡುತ್ತಿದ್ದಳು. ನಾವು ಒಂದು ಗಳಿಗೆ ಆಡಿ, ಮುರಿದು, ಮತ್ತೆ ಹೊಳೆಯ ಕಡೆ ಓಡುತ್ತಿದ್ದೆವು. ಅತ್ಯಾ ನಾವು ಮುಟ್ಟಿದ್ದನ್ನು ಮುಟ್ಟುವಂತಿರಲಿಲ್ಲ. ಅವಳು ತನ್ನದನ್ನು ಮಾಡಿ ತೋರಿಸುವಳು, ನಾವು ನೋಡಿ ನಮ್ಮದನ್ನು ಮಾಡಬೇಕು. ತಪ್ಪಿದರೆ ದೂರದಿಂದಲೇ ಬೈಗಳು: "ಹಂಗಲ್ಲೋ ಕತ್ತೀ, ಕಡ್ಡಿ ನಡಕ್ಕ ಬರಬೇಕು! ಕಣ್ಣು ಎಲ್ಲಿ ಇಟ್ಟೀ?" ನಾವು ಮತ್ತೆ ಸೀಳಬೇಕು, ಮತ್ತೆ ಚುಚ್ಚಬೇಕು. ನೋಡನೋಡುತ್ತ ಹೊತ್ತು ಮುಳುಗಿತು. ಆ ದಿನ ಒಬ್ಬರೂ ಹೊಳೆಗಿಳಿಯಲಿಲ್ಲ.

ಅಲ್ಲಿಂದ ನಮ್ಮ ಕಾರಖಾನೆ ಶುರುವಾಯಿತು. ಎರಡು ಬಿಲ್ಲೆಯ ಗಾಲಿ, ಕಡ್ಡಿಯ ಅಚ್ಚು, ಜಾಲಿಮುಳ್ಳಿನ ಮೊಳೆ. ಇಷ್ಟಾದರೆ ಬಂಡಿ. ಬೆಂಡಿನ ಮೈಗೆ ನಾಲ್ಕು ಕಡ್ಡಿ ಚುಚ್ಚಿ, ಎರಡು ಮುಳ್ಳು ಕೋಡು ಮಾಡಿದರೆ ಎತ್ತು. ಸಿಪ್ಪೆಯ ಎಳೆ ಬಗ್ಗಿಸಿ ಬೆಂಡಿಗೆ ಸಿಕ್ಕಿಸಿದರೆ ಚಾಳೀಸು, ಎಂದರೆ ಕನ್ನಡಕ. ಒಂದು ದಿನವಂತೂ ಇಡೀ ಮಕ್ಕಳ ದಂಡು ಚಾಳೀಸು ಹಾಕಿಕೊಂಡು ತಹಶೀಲ್ದಾರರ ಗತ್ತಿನಲ್ಲಿ ತಿರುಗಿತು. ಈಚಲು ಗರಿಯ ಗಿರಗಿಟ್ಲೆ, ಹೊಳೆಯ ಜೇಡಿಮಣ್ಣಿನ ಒಲೆ, ಕುಂಬಳದ ಎಲೆಯ ಟೊಳ್ಳು ದೇಟಿನಿಂದ ಅಂಟವಾಳದ ನೊರೆ ಊದುವುದು. ಅತ್ಯಾನಿಗೆ ಇವೆಲ್ಲ ಎಲ್ಲಿಂದ ಬಂದವೋ! ಮದುವೆಗೆ ಮುಂಚಿನ ಕೆಲವೇ ವರ್ಷ ಅವಳು ಮಗುವಾಗಿದ್ದಳು. ಆ ಆಟಗಳನ್ನೆಲ್ಲ ಕೈ ಮರೆತಿರಲಿಲ್ಲ ಎಂದು ಕಾಣುತ್ತದೆ. ಇದನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ.

ಆದರೆ ಇಷ್ಟಕ್ಕೆಲ್ಲ ಕಣಕಿ ಎಲ್ಲಿಂದ ಬರಬೇಕು? ಬಣವೆಗೆ ಕೈ ಹಚ್ಚಿದರೆ ದನದ ಮೇವು ಎಂದು ಹೊಡೆಯುತ್ತಿದ್ದರು. ಗುಡಿಸಲಿನ ಗೋಡೆಗೆ ಯಾರೂ ಕಾವಲಿರಲಿಲ್ಲ. ಒಂದೊಂದೇ ಕಣಕಿ, ಇಲ್ಲೊಂದು ಅಲ್ಲೊಂದು, ಯಾರಿಗೂ ಗೊತ್ತಾಗದ ಹಾಗೆ ಎಳೆಯುತ್ತ ಬಂದೆವು. ನಮ್ಮ ಗುಡಿಸಲು ಎಲ್ಲಕ್ಕಿಂತ ದೊಡ್ಡದು. ಆದ್ದರಿಂದ ಅದರಿಂದಲೇ ಹೆಚ್ಚು ಎಳೆದೆವು. ಒಂದು ಬೆಳಿಗ್ಗೆ ಅಪ್ಪ ಒಳಗೆ ಪಂಚೆ ಬದಲಿಸುತ್ತಿದ್ದ. ಆಚೆ ದಾರಿಯಲ್ಲಿ ಹೋಗುತ್ತಿದ್ದ ಹೆಂಗಸರು ಮುಖ ತಿರುಗಿಸಿ ಸೆರಗು ಬಾಯಿಗೆ ಹಚ್ಚಿ ನಕ್ಕರು. ಅಪ್ಪ ಗೋಡೆಯ ಕಡೆ ನೋಡಿದ. ಗೋಡೆಯಲ್ಲಿ ಗೋಡೆ ಉಳಿದಿರಲಿಲ್ಲ.

ಇಡೀ ದಂಡೋತಿಗೆ ಹುಕುಂ ಮಾಡುವ ಕುಲಕರ್ಣಿಯ ಮರ್ಯಾದೆ ಹೀಗೆ ಬೀದಿಪಾಲಾದರೆ ಸುಮ್ಮನಿರುತ್ತಾನೆಯೇ? ಎಲ್ಲರನ್ನೂ ಕೂಡಿಸಿ ಅಬ್ಬರಿಸಿದ: "ನಾಳಿಂದ ಒಂದು ಕಣಕಿ ಯಾರರೆ ಮುಟ್ಟಿದ್ರ ಕೈ ಮುರೀತೀನಿ. ಅಕ್ಕಾ, ನಿನಗೂ ಹೇಳಲಿಕ್ಕತ್ತೀನಿ. ಕಾವಲ ಮಾಡು ಅಂದ್ರ ಹುಡುಗ್ರಿಗೆ ಕಳವು ಕಲಸಲಿಕ್ಕತ್ತೀ?" ಬೇರೆಯವರೂ ತಮ್ಮ ತಮ್ಮ ಗೋಡೆ ತಡವಿಕೊಂಡು ಬಂದು ತಲೆಯಾಡಿಸಿದರು. ಅತ್ಯಾ ಹುಬ್ಬು ಗಂಟಿಕ್ಕಿ ತನ್ನ ಗುಡಿಸಲಿಗೆ ಹೊರಟುಹೋದಳು.

ಮರುದಿನ ನಮ್ಮ ಕೈ ಖಾಲಿ. ಹಳೆಯ ಬಂಡಿಗಳನ್ನು ಎಷ್ಟು ಹೊತ್ತು ಎಳೆಯುವುದು? ಮಧ್ಯಾಹ್ನದ ಹೊತ್ತಿಗೆ ಒಬ್ಬೊಬ್ಬರೇ ಹೊಳೆಯ ಕಡೆ ಹೋಗಿ ನಿಲ್ಲತೊಡಗಿದೆವು. ಎಲ್ಲರಿಗಿಂತ ಮೊದಲು ನೀರಿಗಿಳಿದವಳು ಮಾಶಾಬಿ, ಅಮೀರ್ಬೀಯ ಐದು ವರ್ಷದ ಮಗಳು. ಅವಳ ಕೋಳಿ ಕಾವಿಗೆ ಕೂತಿತ್ತು. ಊರು ಬಿಡುವ ಗಡಿಬಿಡಿಯಲ್ಲಿ ಅದನ್ನು ಬುಟ್ಟಿಯ ಕೆಳಗೇ ಬಿಟ್ಟು ಬಂದಿದ್ದರು. ಈಗ ಮರಿ ಆಗಿರುತ್ತವೆ, ಅವಕ್ಕೆ ಯಾರು ಕಾಳು ಹಾಕುತ್ತಾರೆ ಎಂದು ಅವಳ ಚಿಂತೆ.

ಬಂಡೆಯ ಮೇಲಿದ್ದ ಚಂದಮ್ಮ ಮೊದಲು ನೋಡಿದಳು. ಅಷ್ಟು ದಿನ ಮಾತಾಡದವಳು ಒಮ್ಮೆಲೇ ಕಿರುಚಿದಳು: "ಅವ್ವಾರ! ಕೂಸು ಹೊಂಟದ!"

ಅತ್ಯಾ ಆಗಷ್ಟೇ ಮಿಂದು, ಒಲೆಯ ಮೇಲೆ ಅನ್ನಕ್ಕಿಟ್ಟಿದ್ದಳು. ಅದನ್ನು ಹಾಗೇ ಬಿಟ್ಟು ಓಡಿದಳು. ಮಾಶಾಬಿ ಅಷ್ಟೊತ್ತಿಗೆ ನಡುಹೊಳೆ ದಾಟಿದ್ದಳು. ನೀರು ಅವಳ ಎದೆಮಟ್ಟ ಇತ್ತು, ಕಾಲು ತಡವರಿಸುತ್ತಿತ್ತು. ಹಿಂದೆ ಅತ್ಯಾನನ್ನು ಕಂಡವಳೇ, ನಾವು ಕಲಿಸಿದ ವಿದ್ಯೆಯನ್ನೇ ಮಾಡಿದಳು. ತಿರುಗಿ ನಿಂತು ಎರಡೂ ಪುಟ್ಟ ಕೈ ಚಾಚಿ, "ಮುಟ್ಟತೀನಿ ನೋಡ್ರಿ ಅವ್ವಾರ!" ಎಂದಳು.

ಅತ್ಯಾ ಹಿಂದೆ ಸರಿಯಲಿಲ್ಲ. ಚಾಚಿದ ಆ ಎರಡು ಕೈಗಳನ್ನೇ ಹಿಡಿದು ಎಳೆದು, ಮಾಶಾಬಿಯನ್ನು ನೀರಿನಿಂದ ಎತ್ತಿ ಸೊಂಟಕ್ಕೆ ಏರಿಸಿಕೊಂಡಳು. ದಂಡೆಯಲ್ಲಿ ನಿಂತಿದ್ದ ನಮ್ಮ ಬಾಯಿ ತೆರೆದದ್ದು ತೆರೆದ ಹಾಗೇ ಉಳಿಯಿತು. ಮಾಶಾಬಿಗೆ ಆದ ಆಶ್ಚರ್ಯದಲ್ಲಿ ಅವಳು ಅಳುವುದನ್ನೇ ಮರೆತಳು. ನಾನು ಹುಟ್ಟಿದಾಗಿನಿಂದ ಹಗಲು ಹೊತ್ತಿನಲ್ಲಿ ಅತ್ಯಾ ಯಾರನ್ನೂ ಎತ್ತಿಕೊಂಡದ್ದನ್ನು ನೋಡಿರಲಿಲ್ಲ, ನನ್ನನ್ನು ಕೂಡ. ಆ ಗಳಿಗೆಯಲ್ಲಿ ನನಗೆ ಮಾಶಾಬಿಯ ಮೇಲೆ ಹೊಟ್ಟೆಕಿಚ್ಚಾಯಿತು ಎಂದರೆ ನಗಬೇಡಿ.

ಸುದ್ದಿ ಹೊಲಗಳಿಗೆ ಮುಟ್ಟಿ ಜನ ಓಡಿಬಂದರು. ಅಮೀರ್ಬೀ ಮಗಳನ್ನು ಎದೆಗೊತ್ತಿಕೊಂಡು ಅತ್ಯಾನ ಕಾಲಿಗೆ ಬೀಳಲು ಹೋದಳು.

"ದೂರ ನಿಂದ್ರು ಅಮೀರ್ಬೀ, ದೂರ ನಿಂದ್ರು! ಮತ್ತ ಮುಳಗಲಿಕ್ಕೆ ನನ್ನ ಕೈಲೆ ಆಗೂದಿಲ್ಲ" ಎಂದು ಅತ್ಯಾ ಕೂಗಿದಳು. ಸೀರೆಯಿಂದ ನೀರು ಸುರಿಯುತ್ತಿತ್ತು, ಹಲ್ಲು ಕಟಕಟ ಎನ್ನುತ್ತಿದ್ದವು.

ಅಪ್ಪ ಮುಂದೆ ಬಂದ. ಊರವರೆದುರು ಏನು ಹೇಳಬೇಕೆಂದು ತಿಳಿಯದೆ, ಹೇಳಬಾರದ್ದನ್ನೇ ಹೇಳಿದ: "ಅಕ್ಕಾ, ನಿನ್ನ ಮಡಿ?"

"ನಡುಹೊಳ್ಯಾಗ ನಿಂತು ಮುಟ್ಟೀನಿ. ಮೈಲಿಗಿ ಆಗೂದೂ ಸ್ನಾನ ಆಗೂದೂ ಒಮ್ಮೆಲೇ ಆಗ್ಯದ. ನಿನ್ನ ಶಾಸ್ತ್ರದಾಗ ಅದಕ್ಕೇನರೆ ದೋಷ ಇದ್ರ ಹೇಳು" ಎಂದಳು ಅತ್ಯಾ. ಜನ ನಕ್ಕರು. ಅವಳು ನಗಲಿಲ್ಲ. "ಹಣಮಂತಾ, ನಿನ್ನ ಗ್ವಾಡಿ ಹ್ವಾದ್ರ ಮತ್ತ ಕಟ್ಟಬಹುದು. ಅಂಬವ್ವನ್ನ ಕಟ್ಟತೀ ಏನು? ಇವತ್ತ ಈ ಕೂಸು ಹೋಗತಿತ್ತು. ನಾ ಎಷ್ಟು ಮಂದೀನ ಹಿಡೀಲಿ? ನನಗಿರೂವು ಎರಡ ಕೈ. ಹುಡುಗ್ರ ಕೈಗೆ ಕೆಲಸ ಕೊಡ್ರಿ, ಅವರ ಕಾಲು ತಾವ ನಿಂದಿರತಾವ."

ಅಪ್ಪ ಗಟ್ಟಿ ಮನುಷ್ಯ, ಆದರೆ ಮೂರ್ಖನಲ್ಲ. "ದನಕ್ಕ ಮೇವು ಬೇಕಲ್ಲ ಅಕ್ಕಾ?" ಎಂದು ಮೆತ್ತಗೆ ಕೇಳಿದ.

"ದನ ಉಂಡು ಬಿಟ್ಟದ್ದು ಕೊಡು. ಬುಡದ ದಪ್ಪ ದಂಟು ಅವು ತಿನ್ನೂದಿಲ್ಲ, ತುಳದು ಹಾಳ ಮಾಡತಾವ. ಬೆಂಡು ಇರೂದೂ ಅದರಾಗೇ."

ಅಂದಿನಿಂದ ಎಲ್ಲರ ದನದ ಗೊಂತಿನಿಂದಲೂ ದಪ್ಪ ದಂಟುಗಳು ಹೊರೆಗಟ್ಟಲೆ ಅತ್ಯಾನ ಗುಡಿಸಲಿಗೆ ಬಂದು ಬೀಳತೊಡಗಿದವು. ಒಲೆಗೆ ಹೋಗುವ ಕಸ, ಬಿಡಿಗಾಸಿನ ಖರ್ಚಿಲ್ಲ. ಅತ್ಯಾ ಮಡಿಯನ್ನು ಬಿಟ್ಟಳೆಂದು ತಿಳಿಯಬೇಡಿ. ಅಡಿಗೆಯಾಗಿ ಊಟ ಮುಗಿಯುವವರೆಗೆ ಮಡಿ, ಆಮೇಲೆ ಸಂಜೆಯವರೆಗೆ ನಮ್ಮ ಪಾಳಿ ಎಂದು ತಾನೇ ಹೊಸ ಕಾಯಿದೆ ಮಾಡಿಕೊಂಡಳು. ನಮ್ಮ ಕೆಲಸಕ್ಕೆ ಕೈ ಹಾಕುವ ಅಭ್ಯಾಸ ಮಾತ್ರ ಅವಳಿಗೆ ಬರಲೇ ಇಲ್ಲ. ನಾವೇ ಮಾಡಬೇಕು, ಅವಳು ಬೈಯಬೇಕು.

ಮಾಶಾಬಿ ಮಾತ್ರ ಬಂಡಿ ಮಾಡಲೊಲ್ಲಳು, ಎತ್ತು ಮಾಡಲೊಲ್ಲಳು. ಊರಿನ ಕಡೆ ನೋಡುತ್ತ ಮುಖ ಊದಿಸಿಕೊಂಡು ಕೂರುತ್ತಿದ್ದಳು. ಅತ್ಯಾ ಎರಡು ದಿನ ನೋಡಿ, ಅವಳನ್ನು ಎದುರಿಗೆ ಕೂರಿಸಿಕೊಂಡಳು.

"ನಿನ್ನ ಕೋಳಿ ಎಲ್ಲಿ ಕುಂತದ?"

"ಬುಟ್ಟಿ ತಳಗ್ರಿ."

"ಬುಟ್ಟಿ ಎಲ್ಲದ?"

"ಒಲಿ ಬಾಜೂಕ."

"ಒಲಿ ಯಾವ ಮೂಲಿಗದ? ಬಾಗಲಾ ಎತ್ತಾಗದ? ನನಗ ಹ್ಯಾಂಗ ತಿಳೀಬೇಕು? ಕಟ್ಟಿ ತೋರಸು."

ಮಾಶಾಬಿ ಒದ್ದೆ ಮಣ್ಣಿನಲ್ಲಿ ಒಂದು ಅಂಗೈಯಗಲದ ಮನೆ ಹಾಕಿದಳು. ಒಲೆ, ಬುಟ್ಟಿ, ಬುಟ್ಟಿಯ ಕೆಳಗೆ ಬೆಂಡಿನ ಕೋಳಿ, ಅದರ ಸುತ್ತ ಹುಣಸೆಬೀಜದ ಮರಿಗಳು. ಮುಗಿಸಿದವಳೇ ಬೆರಳೆಣಿಕೆಯ ಜೋಳದ ಕಾಳು ತಂದು ಮರಿಗಳ ಮುಂದೆ ಹಾಕಿದಳು. ಅವಳ ಮುಖ ಅರಳಿತು. ಮತ್ತೆ ಅವಳು ಊರಿನ ಕಡೆ ನೋಡಲಿಲ್ಲ.

ಅತ್ಯಾ ಅದನ್ನು ಬಹಳ ಹೊತ್ತು ನೋಡುತ್ತ ಕೂತಿದ್ದಳು. ಆಮೇಲೆ ಎದ್ದು ನಿಂತು ನಮಗೆಲ್ಲ ಕೇಳುವಂತೆ ಕೂಗಿದಳು: "ಎಲ್ಲಾರೂ ಬರ್ರಿ ಇಲ್ಲೆ! ಊರಿಗೆ ಹೋಗಬೇಕಂತೀರಲ್ಲ, ಊರನ್ನ ಇಲ್ಲೇ ಕಟ್ರಿ. ಅವರವರ ಮನಿ ಅವರವರು. ನಿಮ್ಮ ಮನಿ ಬಾಜೂಕ ಯಾರದು, ಮುಂದ ಯಾರದು, ಹಂಗೇ ಬರಬೇಕು. ತಪ್ಪಿದ್ರ ಕೆಡವಸ್ತೀನಿ."

ನಾವು ಹುಚ್ಚು ಹಿಡಿದವರ ಹಾಗೆ ಕಟ್ಟಿದೆವು. ಚಪ್ಪಡಿ ಚೂರಿನ ಮಾಳಿಗೆ, ಕಣಕಿಯ ತೊಲೆ, ಮಣ್ಣಿನ ಗೋಡೆ. ಗುಡಿ ಬಂತು, ದರ್ಗಾ ಬಂತು, ಚಾವಡಿ ಬಂತು, ಬಾವಿಗೆ ನೀರು ಸೇದುವ ಬೆಂಡಿನ ಗಡಗಡಿ ಬಂತು. ಜಗಳಗಳೋ ಜಗಳಗಳು. ನಮ್ಮ ಕಟ್ಟೆಗೆ ಮೂರು ಮೆಟ್ಟಿಲೋ ನಾಲ್ಕೋ? ಬೇವಿನಗಿಡ ಓಣಿಯ ಎಡಕ್ಕೋ ಬಲಕ್ಕೋ? ಸಂಜೆ ಹೊಲದಿಂದ ಬಂದ ತಾಯಂದಿರ ಸೆರಗು ಹಿಡಿದು ಎಳೆತಂದು ಕೇಳುತ್ತಿದ್ದೆವು. ಮೊದಮೊದಲು ಅವರು ನಗುತ್ತ ಹೇಳಿ ಹೋದರು. ಆಮೇಲೆ ಕೂತರು. ಊರು ಬಿಟ್ಟು ಅವರಿಗೂ ಬೇಸರವಾಗಿತ್ತಲ್ಲ! ತನ್ನ ಮನೆಯ ಅಂಗಳದಲ್ಲಿ ಒಬ್ಬಳು ಒರಳುಕಲ್ಲು ಇಟ್ಟಳು, ಇನ್ನೊಬ್ಬಳು ರಂಗೋಲಿ ಎಳೆದಳು. ಒಂದು ಸಂಜೆ ನಾನು ಹೋಗಿ ನೋಡಿದರೆ ನನ್ನ ಅಪ್ಪ, ಕೈ ಮುರಿಯುತ್ತೇನೆಂದು ಅಬ್ಬರಿಸಿದ ಕುಲಕರ್ಣಿ ಹಣಮಂತರಾಯ, ರುಮಾಲು ತೆಗೆದಿಟ್ಟು ಮಣ್ಣಿನಲ್ಲಿ ಮೊಣಕಾಲೂರಿ ಕೂತಿದ್ದ. ಚಾವಡಿಯ ಬಾಗಿಲು ತೆಂಕಣಕ್ಕಿದೆಯೆಂದು ಗೋಪಾಲನೊಂದಿಗೆ ವಾದಿಸುತ್ತ ಒಂದು ಕಣಕಿಯನ್ನು ಹಲ್ಲಿನಿಂದ ಸೀಳುತ್ತಿದ್ದ.

"ಉಗುರ ಹಚ್ಚೋ ಹಣಮಂತಾ, ತುಟಿ ಕೊಯ್ಯತದ" ಎಂದಳು ಅತ್ಯಾ.

ಊರೆಲ್ಲ ಎದ್ದು ನಿಂತ ಮೇಲೆ ನಡುವೆ ಒಂದೇ ಜಾಗ ಖಾಲಿ ಉಳಿಯಿತು. ಅದು ಚಂದಮ್ಮನ ಮನೆಯ ಜಾಗ. ಗೋಪಾಲ ತಾನು ಕಟ್ಟುತ್ತೇನೆಂದ, ಅತ್ಯಾ ಬೇಡವೆಂದಳು. ಯಾಕೆಂದು ಕೇಳಿದ್ದಕ್ಕೆ ಬೈದಳು. ನಾವು ಆ ಜಾಗವನ್ನು ತುಳಿಯದೆ ಸುತ್ತಿ ಓಡಾಡುತ್ತಿದ್ದೆವು. ಎಷ್ಟೋ ದಿನ ಅದು ಹಾಗೇ ಇತ್ತು. ಒಂದು ಮಧ್ಯಾಹ್ನ ಚಂದಮ್ಮ ಬಂಡೆಯಿಂದ ಎದ್ದು ತಾನಾಗಿ ಬಂದಳು. ಯಾರ ಜೊತೆಯೂ ಮಾತಾಡದೆ ಅಲ್ಲಿ ಕೂತು ಮಣ್ಣು ಕಲಸಿದಳು. ಗೋಡೆ ಎಬ್ಬಿಸಿದಳು, ಗೋಡೆಗೆ ಒಂದು ಗೂಡು ಮಾಡಿದಳು, ಮಾಳಿಗೆ ಹೊದಿಸಿದಳು. ಅವಳ ಕಣ್ಣಿಂದ ನೀರು ಇಳಿಯುತ್ತಲೇ ಇತ್ತು, ಕೈ ನಿಲ್ಲಲಿಲ್ಲ. ಮನೆ ಮುಗಿದ ಮೇಲೆ ಅವಳು ಕೈ ತೊಳೆದುಕೊಂಡು ಅತ್ಯಾನ ಹತ್ತಿರ ಹೋದಳು.

"ಅವ್ವಾರ, ನಾಳಿಂದ ನಾನೂ ನಿಮ್ಮ ಜೋಡಿ ಕಾಯ್ತೀನ್ರಿ. ನೀವು ಮಡಿಯಾಗ ಇದ್ದಾಗ ನಾ ಹಿಡೀತೀನಿ" ಎಂದಳು.

"ಹಿಡಿ. ಆದ್ರ ಭಾಳ ಮುದ್ದ ಮಾಡಬ್ಯಾಡ, ಕೆಡತಾವ" ಎಂದಳು ಅತ್ಯಾ. ಹೇಳಿದ್ದು ಇಷ್ಟೇ. ಆದರೆ ಆ ದಿನ ಅವಳು ಸಂಜೆಯವರೆಗೆ ಯಾರನ್ನೂ ಬೈಯಲಿಲ್ಲ, ನಾವೇ ಹೆದರಿದೆವು.

ಹಿಡಿಯುವ ಪ್ರಸಂಗವೇ ಚಂದಮ್ಮನಿಗೆ ಬರಲಿಲ್ಲ. ನಮಗೆ ಹೊಳೆಯ ನೆನಪೇ ಹೋಗಿತ್ತು. ದಂಟು ಸೀಳುವವರು, ಮಣ್ಣು ಹೊರುವವರು, ಹಣ್ಣೆಲೆಯ ಅಂಗಡಿ ಇಟ್ಟು ವ್ಯಾಪಾರಕ್ಕೆ ಕೂತವರು, ಮುರಿದ ಬಂಡಿ ರಿಪೇರಿ ಮಾಡುವವರು. ಬೆಳಗಾದರೆ ಅನ್ನ ಬೇಡ, ನೀರು ಬೇಡ, ಕಣಕಿಯ ದಂಡೋತಿಗೆ ಓಟ. ಸುತ್ತಲಿನ ಊರುಗಳಿಂದ ಕೆಟ್ಟ ಸುದ್ದಿ ಬರುತ್ತಲೇ ಇತ್ತು. ನಮ್ಮವರಲ್ಲೂ ಹಿರಿಯರು ಕೆಲವರು ಹೋದರು. ಮಕ್ಕಳಲ್ಲಿ ಅಂಬವ್ವನಾದ ಮೇಲೆ ಮತ್ತೊಂದು ಹೋಗಲಿಲ್ಲ.

ಹೋಳಿ ಹುಣ್ಣಿಮೆ ಹತ್ತಿರ ಬಂದಾಗ ಬಿಸಿಲು ಚುರುಕಾಯಿತು, ಜಡ್ಡು ನಿಂತಿತು. ಊರೊಳಗೆ ಜೀವಂತ ಇಲಿ ಓಡಾಡಿದ್ದನ್ನು ನೋಡಿ ಬಂದರು. ಡಾಕ್ಟರ ಸಾಹೇಬರು ಮನೆಮನೆಗೆ ಹೊಗೆ ಹಾಕಿಸಿ, ಇನ್ನು ಹೋಗಬಹುದು ಎಂದರು. ಹೊರಡುವ ಬೆಳಿಗ್ಗೆ ಹಿರಿಯರೆಲ್ಲ ಸಡಗರದಿಂದ ಬಂಡಿ ಹೂಡಿದರು. ಹೊಳೆ ದಾಟಲು ಅಷ್ಟು ಹಟ ಮಾಡಿದ್ದ ನಾವೇ ಈಗ ಬರಲೊಲ್ಲೆವೆಂದು ನಮ್ಮ ಪುಟ್ಟ ಊರಿನ ನಡುವೆ ಕೂತೆವು. ಕೆಲವರನ್ನು ಎಳೆದು ಎಬ್ಬಿಸಬೇಕಾಯಿತು. ಕೈಗೆ ಹಿಡಿದಷ್ಟು ತಗೊಳ್ಳಿರಿ, ಉಳಿದದ್ದು ಮಳೆಗಾಲದಲ್ಲಿ ಹೊಳೆ ಒಯ್ಯಲಿ ಎಂದಳು ಅತ್ಯಾ. ನಾವು ಎರಡೂ ಕೈತುಂಬ ಎತ್ತು, ಬಂಡಿ, ಗೊಂಬೆ ಹಿಡಿದುಕೊಂಡು ನಿಂತೆವು. ತಾಯಂದಿರಿಗೆ ಹಿಡಿದು ನಡೆಸಲು ಒಂದು ಕೈಯೂ ಖಾಲಿ ಇರಲಿಲ್ಲ.

ಚಂದಮ್ಮ ಎಲ್ಲರಿಗಿಂತ ಮೊದಲು ದಾಟಿ ಊರ ದಂಡೆಯಲ್ಲಿ ನಿಂತಳು. ಒಂದೊಂದು ಮಗು ನೀರಿನಿಂದ ಮೇಲೆ ಬಂದಂತೆ ಅದರ ತಲೆ ಮೇಲೆ ಕೈಯಿಟ್ಟು ಹೆಸರು ಹಿಡಿದು ಗಟ್ಟಿಯಾಗಿ ಕೂಗುತ್ತ ಹೋದಳು. ಗೋಪಾಲ ಎಂದಳು, ಮಾಶಾಬಿ ಎಂದಳು, ನನ್ನ ಹೆಸರೂ ಹೇಳಿದಳು. ಬಂಡಿಗಳು ನಿಂತವು, ಮಾತು ನಿಂತಿತು, ಆ ದನಿಯೊಂದೇ ಹೊಳೆಯ ಮೇಲೆ ಕೇಳುತ್ತಿತ್ತು. ಅಂಬವ್ವನ ಹೆಸರು ಅವಳು ಕೂಗಲಿಲ್ಲ. ಅದು ಎಲ್ಲರಿಗೂ ಕೇಳಿಸಿತು.

ಕೊನೆಯ ಮಗುವಿನ ಹಿಂದೆ ಅತ್ಯಾ ನೀರಿಗಿಳಿದಿದ್ದಳು. ಅವಳು ನಡುಹೊಳೆಗೆ ಬಂದಾಗ ಚಂದಮ್ಮ ಕೈ ಎತ್ತಿ ಕೂಗಿದಳು:

"ಎಲ್ಲಾ ಬಂದಾವ್ರಿ ಅವ್ವಾರ! ಒಂದೂ ಕಡಿಮಿಲ್ಲ! ನಿಮ್ಮ ಮಾತು ಉಳೀತ್ರಿ!"

ಅತ್ಯಾ ಅಲ್ಲೇ ನಿಂತುಬಿಟ್ಟಳು. ಗಂಡ ಸತ್ತಾಗ ಅಳಲಿಲ್ಲ, ತಲೆ ಬೋಳಿಸಿದಾಗ ಅಳಲಿಲ್ಲ ಎಂದು ಮನೆಯಲ್ಲಿ ಹೇಳುತ್ತಿದ್ದ ಆ ಹೆಂಗಸು, ನೀರಿನ ನಡುವೆ, ಊರೆಲ್ಲ ನೋಡುತ್ತಿದ್ದಂತೆ, ಬಾಯಿಬಿಟ್ಟು ಅತ್ತಳು. ಅಳುತ್ತಲೇ ನಕ್ಕಳು. ನಾವು ಎತ್ತು, ಬಂಡಿ, ಗೊಂಬೆಗಳನ್ನು ತಲೆಯ ಮೇಲೆತ್ತಿ ಕೇಕೆ ಹಾಕಿದೆವು, ಗಂಡಸರೂ ದನಿಗೂಡಿಸಿದರು. ಆ ಕೂಗಿಗೆ ಖಾಲಿ ಓಣಿಗಳಲ್ಲಿ ಮಲಗಿದ್ದ ನಾಯಿಗಳೆಲ್ಲ ಎದ್ದು ಬೊಗಳಿದವು. ಚಂದಮ್ಮ ನೀರಿಗಿಳಿದು ಅತ್ಯಾನ ಕೈ ಹಿಡಿದು ದಂಡೆಗೆ ಕರೆತಂದಳು, ನಾವೆಲ್ಲ ಮನೆಗೆ ಹೋದೆವು.